ಅಪ್ಪನ ಆರೋಗ್ಯ ವಿಮೆಗೆ ಬ್ರೋಕರ್ ಯಾಕೆ ಬೇಕಾಯಿತು

ಅಪ್ಪನಿಗೆ 67 ವರ್ಷ, ಸಕ್ಕರೆ ಕಾಯಿಲೆ ಬೇರೆ. ಈ ವಯಸ್ಸಿಗೆ ಹೊಸ ಪಾಲಿಸಿ ಸಿಗಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ 65 ವರ್ಷದ ಮಿತಿಯನ್ನು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲೇ ತೆಗೆದಿದೆ. ಹಾಗಂತ ಎಲ್ಲ ಕಂಪನಿಯೂ ಒಪ್ಪಲೇಬೇಕು ಅಂತೇನಿಲ್ಲ, ಯಾರು ಒಪ್ಪಬಹುದು ಅಂತ ಗೊತ್ತಿರುವವರು ಬೇಕು, ಅದಕ್ಕೇ ನಾನು ಬ್ರೋಕರ್ ಹತ್ತಿರ ಹೋದೆ.

ಏಜೆಂಟ್ ವಿಮಾ ಕಂಪನಿಯ ಪ್ರತಿನಿಧಿ. ಬ್ರೋಕರ್ ಕಾನೂನಿನ ಪ್ರಕಾರ ಗ್ರಾಹಕರ ಪರ, ಹಲವು ಕಂಪನಿಗಳ ಪಾಲಿಸಿ ತೋರಿಸಬಹುದು. ಅವರಿಗೂ ಕಮಿಷನ್ ಬರುವುದು ಕಂಪನಿಯಿಂದಲೇ, ಅದನ್ನು ನೇರವಾಗಿ ಕೇಳಿಬಿಡಿ. ಲೈಸೆನ್ಸ್ ನಂಬರನ್ನೂ ಕೇಳಿ.

ನನಗೆ ನಿಜಕ್ಕೂ ಉಪಯೋಗವಾಗಿದ್ದು ಬ್ರೋಕರ್ ಹೇಳಿದ ಆಸ್ಪತ್ರೆ ರೂಮ್ ಬಾಡಿಗೆಯ ವಿಷಯ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಗೆ ದಿನಕ್ಕೆ ಶೇ 1ರ ಮಿತಿ ಇದ್ದರೆ ಸಿಗುವುದು 5,000 ರೂಪಾಯಿ. ನೀವು 10,000ದ ರೂಮ್ ತೆಗೆದುಕೊಂಡರೆ ಬಾಡಿಗೆಯ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚಿಗೆ ಕಂಪನಿ ಕೊಡುವ ಹಣವೂ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಯಬಹುದು! ಕಡಿಮೆ ಪ್ರೀಮಿಯಂ ನೋಡಿ ಖುಷಿಪಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದು ನನಗೆ ತುಂಬಾ ಬೇಜಾರಿನ ಸಂಗತಿ.

ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ ಅಂತ ಬ್ರೋಕರ್ ಮೊದಲೇ ಹೇಳಿದರು. ಬರೆದು ಕೊಟ್ಟರೆ ಆ ಕಾಯಿಲೆಯ ಖರ್ಚಿಗೆ ವಿಮೆ ಸಿಗಲು ಹೆಚ್ಚೆಂದರೆ 3 ವರ್ಷ ಕಾಯಬೇಕು, ಮೊದಲು ಇದು 4 ವರ್ಷ ಇತ್ತು. ಮುಚ್ಚಿಟ್ಟರೆ ಕ್ಲೇಮ್ ಸಮಯದಲ್ಲಿ ಕಷ್ಟ, ಅಲ್ವಾ?

ಕೊನೆಗೆ ರೂಮ್ ಮಿತಿ ಇಲ್ಲದ, ಆದರೆ ಪ್ರತಿ ಕ್ಲೇಮ್‌ನಲ್ಲಿ ಶೇ 20 ನಾವೇ ಕಟ್ಟಬೇಕಾದ ಪಾಲಿಸಿ ತೆಗೆದುಕೊಂಡೆವು. ಪ್ರೀಮಿಯಂ ಸ್ವಲ್ಪ ಜಾಸ್ತಿಯೇ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ವಾಪಸ್ ಮಾಡುವ ಅವಕಾಶ ಇದೆ, ಹಾಗಾಗಿ ಈಗ ಪ್ರತಿ ಪುಟ ಓದುತ್ತಿದ್ದೇನೆ.