ಬಾಗಿಲು ಹಾಕಿಕೊಂಡು ಆಡಿದ ಮ್ಯಾಚು

ಮಗಳಿಗೆ ಕಾಲೇಜು ನೋಡೋಣ ಅಂತ ಹೋದ ತಿಂಗಳು ನಾರ್ತಾಂಪ್ಟನ್‌ಗೆ ಹೋಗಿದ್ದೆವು. ಅಮೆರಿಕದ ಮ್ಯಾಸಚೂಸೆಟ್ಸಿನ ಸಣ್ಣ ಊರು. ಅಲ್ಲಿರುವ ಸ್ಮಿತ್ ಹೆಣ್ಣುಮಕ್ಕಳ ಕಾಲೇಜು. ಅವಳು ಲೈಬ್ರರಿ, ಹಾಸ್ಟೆಲ್ ನೋಡುತ್ತಿದ್ದರೆ ನಾನು ಹಳೇ ಜಿಮ್ ಕಟ್ಟಡ ಹುಡುಕುತ್ತಿದ್ದೆ. ಕಾಲೇಜು ಹುಡುಗಿಯರ ಮೊಟ್ಟಮೊದಲ ಬ್ಯಾಸ್ಕೆಟ್‌ಬಾಲ್ ಮ್ಯಾಚ್ 1893ರ ಮಾರ್ಚ್ 22ಕ್ಕೆ ನಡೆದದ್ದು ಅಲ್ಲೇ.

ಅಲ್ಲಿಗೆ ಹೋಗುವಾಗ ಬೆಳಿಗ್ಗೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆವು. ಆಟ ಹುಟ್ಟಿದ ಊರು ಅದು. 1891ರ ಡಿಸೆಂಬರ್, ಹೊರಗೆ ಆಡಲಾಗದ ಚಳಿ, ಒಳಗೆ ಬರೀ ಡ್ರಿಲ್ಲು, ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯ 18 ಹುಡುಗರಿಗೆ ಅದು ಸಾಕುಸಾಕಾಗಿತ್ತು. ಅವರಿಗೊಂದು ಹೊಸ ಆಟ ಹುಡುಕಲು ಮೇಷ್ಟ್ರು ಜೇಮ್ಸ್ ನೈಸ್ಮಿತ್‌ಗೆ ಕೊಟ್ಟಿದ್ದು 14 ದಿನ. ಕೆನಡಾದಲ್ಲಿ ಚಿಕ್ಕಂದಿನಲ್ಲಿ ಆಡಿದ ಕಲ್ಲಿನ ಆಟ ಅವರಿಗೆ ನೆನಪಾಯಿತು. ಬಂಡೆ ಮೇಲಿಟ್ಟ ಕಲ್ಲನ್ನು ದೂರದಿಂದ ಹೊಡೆದು ಬೀಳಿಸಬೇಕು, ನಮ್ಮ ಲಗೋರಿಯ ಹಾಗೆ. ಜೋರಾಗಿ ಬೀಸಿದರೆ ಗುರಿ ತಪ್ಪುತ್ತೆ. ಮೆಲ್ಲಗೆ ಮೇಲಕ್ಕೆತ್ತಿ ಹಾಕಿದರೆ ತಾಗುತ್ತೆ. ಅದಕ್ಕೇ ಗುರಿಯನ್ನು ತಲೆಗಿಂತ ಮೇಲೆ ಕಟ್ಟಿಸಿದರು. ಅವರು ಕೇಳಿದ್ದು ಪೆಟ್ಟಿಗೆ, ಸಿಕ್ಕಿದ್ದು ಪೀಚ್ ಹಣ್ಣಿನ ಬುಟ್ಟಿ. ಮೊಳೆ ಹೊಡೆದ ಬಾಲ್ಕನಿ 10 ಅಡಿ ಎತ್ತರದಲ್ಲಿತ್ತು, ಇವತ್ತಿಗೂ ರಿಂಗ್ ಅಷ್ಟೇ ಎತ್ತರ.

ಮರುವರ್ಷವೇ ಸ್ಮಿತ್‌ನ ಮೇಡಂ ಸೆಂಡಾ ಬೆರೆನ್ಸನ್ ಇದನ್ನು ತಮ್ಮ ಹುಡುಗಿಯರಿಗೆ ಕಲಿಸಿದರು. ಹುಡುಗಿಯರು ಮೈಮರೆತು ಆಡುತ್ತಾರೆ ಅನ್ನುವ ಭಯ ಆಗ ಎಲ್ಲರಿಗೂ. ಅದಕ್ಕೆ ಕೋರ್ಟನ್ನು ಮೂರು ಭಾಗ ಮಾಡಿದರು. ನಿನ್ನ ಭಾಗ ಬಿಟ್ಟು ಆಚೆ ಹೋಗುವಂತಿಲ್ಲ, ಇನ್ನೊಬ್ಬಳ ಕೈಯಿಂದ ಚೆಂಡು ಕಿತ್ತುಕೊಳ್ಳುವಂತಿಲ್ಲ. ಈ ರೂಲ್ಸ್ ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಅಷ್ಟು ಬಿಟ್ಟುಕೊಟ್ಟಿದ್ದಕ್ಕೇ ಆಟ ಉಳಿಯಿತು ಅನ್ನಿಸುತ್ತೆ.

ಮ್ಯಾಚ್ ಇದ್ದದ್ದು ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಶುರುವಿನಲ್ಲೇ ಬೆರೆನ್ಸನ್ ಚೆಂಡು ಮೇಲಕ್ಕೆಸೆದರೆ ಅದು ಮೊದಲ ವರ್ಷದ ಹುಡುಗಿಯೊಬ್ಬಳ ಎತ್ತಿದ ಕೈಗೆ ಬಡಿದು ಭುಜವೇ ಜಾರಿತು. ಅಲ್ಲಿಗೇ ಆಟ ನಿಂತುಬಿಡಬಹುದಿತ್ತು, ಅಲ್ವಾ? ನಿಲ್ಲಲಿಲ್ಲ. 5–4ರಲ್ಲಿ ಎರಡನೇ ವರ್ಷದವರು ಗೆದ್ದರು.

ಆ ಇಟ್ಟಿಗೆ ಗೋಡೆಯ ಮುಂದೆ ನಿಂತು ಇದನ್ನೆಲ್ಲ ಹೇಳಿದರೆ ಮಗಳಿಗೆ ಕೋಪ. "ಕದ್ದು ಆಡಿದ ಹಾಗಾಯ್ತಲ್ಲಮ್ಮ, ಬಾಗಿಲು ಯಾಕೆ ಹಾಕ್ಬೇಕಿತ್ತು?"

ಅವಳಿಗೆ ನಮ್ಮ ತುಮಕೂರಿನ ಕೋರ್ಟ್ ಬಗ್ಗೆ ಹೇಳಿದೆ. 1994. ಸಂಜೆ ಕೋರ್ಟ್ ಹುಡುಗರಿಗೆ, ನಮಗೆ ಬೆಳಿಗ್ಗೆ ಆರರಿಂದ ಏಳು ಮಾತ್ರ. ಅದು ನಮ್ಮ ಕಾಲೇಜಿನ ನಿಯಮ. ಸಂಜೆ ಒಂದು ಸಲ ಆಡಲು ಹೋದಾಗ ಕಾಂಪೌಂಡ್ ಮೇಲೆ ಕೂತವರ ಕೂಗಾಟಕ್ಕೆ ನನ್ನ ಗೆಳತಿ ಚೆಂಡು ಅಲ್ಲೇ ಬಿಟ್ಟು ಅತ್ತುಕೊಂಡು ಹೋಗಿದ್ದಳು. ನಮ್ಮ ಪಿಟಿ ಮೇಷ್ಟ್ರು ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು. 1920ರಲ್ಲಿ ಅದನ್ನು ಶುರು ಮಾಡಿದ ಹ್ಯಾರಿ ಬಕ್ ಓದಿದ್ದು ಸ್ಪ್ರಿಂಗ್‌ಫೀಲ್ಡ್‌ನಲ್ಲೇ, ಬೆಳಿಗ್ಗೆ ನಾವು ನಿಂತು ಬಂದ ಊರಲ್ಲಿ. ಆ ಎಳೆ ನನ್ನ ತನಕ ಬಂದಿದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮೇಷ್ಟ್ರು ಆರಕ್ಕೆ ಸರಿಯಾಗಿ ಬಂದು, ನಾವೆಲ್ಲ ಒಳಗೆ ಬಂದ ಮೇಲೆ ಗೇಟಿನ ಚಿಲಕ ಹಾಕಿ, ಆಚೆ ಮುಖ ಮಾಡಿ ನಿಲ್ಲುತ್ತಿದ್ದರು. ಚಿಲಕದ ಸದ್ದು ಕೇಳಿದ ತಕ್ಷಣ ನಾವು ವೇಲು ತೆಗೆದು ರಿಂಗಿನ ಕಂಬಕ್ಕೆ ಕಟ್ಟುತ್ತಿದ್ದೆವು. ಇನ್ನೂ ಪೂರ್ತಿ ಬೆಳಕಾಗಿರುತ್ತಿರಲಿಲ್ಲ. ಚೆಂಡು ಬೋರ್ಡಿಗೆ ಬಡಿದ ಮೇಲೇ ಕಾಣಿಸುತ್ತಿತ್ತು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಎಷ್ಟು ವೇಲು?"

"ಒಂಬತ್ತು," ಅಂದೆ. ಒಂದು ಹಳದಿ, ಅದು ನನ್ನದು.