ಮಗಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಇದೆಯಲ್ಲ, ಹೋಮ್ ಫೀ ಸಿಗಲ್ವಾ?

ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಬೆಂಗಳೂರಿಗೆ ವಾಪಸಾದವರು, ದುಬೈಗೆ ಹೋದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಮಗಳ ಪಾಸ್‌ಪೋರ್ಟ್ ಬ್ರಿಟಿಷ್. ಈಗ ಪಿಯುಸಿ ಓದುತ್ತಿದ್ದಾಳೆ. ಅಲ್ಲಿನ ಪ್ರಜೆ ಅಂದಮೇಲೆ ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ಅಲ್ಲಿನ ಮಕ್ಕಳು ಕಟ್ಟುವಷ್ಟೇ ಫೀಸು, ಅಂದರೆ ಹೋಮ್ ಫೀ, ಕಟ್ಟಿದರಾಯ್ತು, ಅಲ್ವಾ?

ಆಗಲ್ಲ. ಪಾಸ್‌ಪೋರ್ಟ್ ಒಂದೇ ಸಾಲದು. ಕೋರ್ಸ್ ಶುರುವಾಗುವ ಮುಂಚಿನ ಮೂರು ವರ್ಷ ಮಗು ಎಲ್ಲಿ ನೆಲೆಸಿತ್ತು ಅನ್ನೋದನ್ನೂ ಇಂಗ್ಲೆಂಡಿನ ಯೂನಿವರ್ಸಿಟಿಗಳು ನೋಡುತ್ತವೆ. ಸ್ಕಾಟ್ಲೆಂಡಿನ ನಿಯಮ, ಫೀಸು ಎರಡೂ ಬೇರೆ.

ವ್ಯತ್ಯಾಸ ಸಣ್ಣದಲ್ಲ. 2025–26ರಲ್ಲಿ ಇಂಗ್ಲೆಂಡಿನ ಹೋಮ್ ಫೀ ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಹೊರದೇಶದವರು ಕಟ್ಟುವ ಓವರ್‌ಸೀಸ್ ಫೀಗೆ ಅಂಥ ಮಿತಿಯೇ ಇಲ್ಲ. ದೊಡ್ಡ ಯೂನಿವರ್ಸಿಟಿಗಳಲ್ಲಿ ಎಂಜಿನಿಯರಿಂಗಿಗೆ 30,000 ದಾಟುವುದು ಮಾಮೂಲು. ಸರ್ಕಾರ ಕೊಡುವ ಸ್ಟೂಡೆಂಟ್ ಲೋನ್‌ಗೂ ಮೂರು ವರ್ಷದ ವಾಸ ಬೇಕು. ಅಂದರೆ ಇಷ್ಟೂ ದುಡ್ಡು ಅಪ್ಪ-ಅಮ್ಮನ ಕೈಯಿಂದಲೇ ಹೋಗಬೇಕು.

ಲೆಕ್ಕ ಹೀಗೆ: ಕೋರ್ಸ್ 2029ರ ಸೆಪ್ಟೆಂಬರಿನಲ್ಲಿ ಶುರುವಾದರೆ, 2026ರ ಸೆಪ್ಟೆಂಬರ್ 1ರಿಂದಲೇ ಅಲ್ಲಿ ನೆಲೆಸಿರಬೇಕು. ಹದಿನೆಂಟಕ್ಕೆ ಡಿಗ್ರಿ ಸೇರುವ ಮಗುವಿಗೆ ಅದು ಅಲ್ಲಿನ ಹನ್ನೊಂದನೇ ತರಗತಿಯ (ಇಯರ್ 11) ಆರಂಭ. ನಮ್ಮ ಎಸ್ಎಸ್ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ವರ್ಷವೇ ಅದು. ಎರಡು ವರ್ಷದ ಸಿಲೆಬಸ್ಸಿನ ನಡುವೆ ಮಗುವನ್ನು ಹೊಸ ಶಾಲೆಗೆ ಹಾಕುವುದು ತುಂಬಾ ಕಷ್ಟ. ಹಾಗಾಗಿ ವಾಪಸ್ ಹೋಗುವ ಮನಸ್ಸಿದ್ದವರು ಅಲ್ಲಿನ ಹತ್ತನೇ ತರಗತಿಗೆ ಮುಂಚೆಯೇ ಹೋಗಿ ಅಂತ ನಾನು ಹೇಳುತ್ತೇನೆ.

"ನಾವು ಇಲ್ಲೇ ಇದ್ದು, ಅವಳನ್ನು ಚಿಕ್ಕಪ್ಪನ ಮನೆಯಲ್ಲೋ ಬೋರ್ಡಿಂಗ್ ಶಾಲೆಯಲ್ಲೋ ಬಿಟ್ಟರೆ?" ಇದನ್ನೂ ಕೇಳುತ್ತಾರೆ. ಮುಖ್ಯವಾಗಿ ಓದುವುದಕ್ಕಂತಲೇ ಇದ್ದ ಕಾಲ ಆ ಮೂರು ವರ್ಷಕ್ಕೆ ಸೇರುವುದಿಲ್ಲ. ಮಗುವನ್ನು ಒಂಟಿಯಾಗಿ ಕಳಿಸಿ, ಕೊನೆಗೆ ಓವರ್‌ಸೀಸ್ ಫೀಸೂ ಕಟ್ಟುವ ಸಂಕಟ ಯಾರಿಗೂ ಬೇಡ.

ಆದರೆ ಒಂದು ದಾರಿ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅಪ್ಪ ಅಥವಾ ಅಮ್ಮ ಕೆಲಸದ ಮೇಲೆ ತಾತ್ಕಾಲಿಕವಾಗಿ ಹೊರದೇಶಕ್ಕೆ ಹೋಗಿದ್ದರೆ, ಕುಟುಂಬ ಬ್ರಿಟನ್ನಿನಲ್ಲೇ ಇತ್ತು ಅಂತ ಪರಿಗಣಿಸಬಹುದು. ಆದರೆ ಬಾಯಿಮಾತು ನಡೆಯಲ್ಲ. ಕಂಪನಿ ಇಂತಿಷ್ಟು ವರ್ಷಕ್ಕೆ ಅಂತ ಕಳಿಸಿದ ಪತ್ರ, ಅವಧಿ ನಮೂದಿಸಿದ ಕಾಂಟ್ರ್ಯಾಕ್ಟ್, ಅಲ್ಲಿ ಉಳಿಸಿಕೊಂಡ ಮನೆಯ ಕಾಗದ, ರಜೆಗೆ ಹೋಗಿಬಂದ ದಾಖಲೆ, ಇವೆಲ್ಲ ಕೈಯಲ್ಲಿರಲಿ. ಮನೆ ಮಾರಿ, ಬೆಂಗಳೂರಿನಲ್ಲಿ ಪರ್ಮನೆಂಟ್ ಕೆಲಸ ಹಿಡಿದು, ಇಲ್ಲೇ ನೆಲೆ ನಿಂತವರಿಗೆ ಇದು ಸಿಗುವುದು ಕಷ್ಟ.

ತೀರ್ಮಾನ ಆಯಾ ಯೂನಿವರ್ಸಿಟಿಯದ್ದು. ಅರ್ಜಿ ಹಾಕಿದ ಮೇಲೆ ಅವರು ಫೀ ಸ್ಟೇಟಸ್ ಫಾರ್ಮ್ ಕಳಿಸಬಹುದು. ಯಾವಾಗ ಎಲ್ಲಿದ್ದಿರಿ, ಯಾಕೆ ಹೋದಿರಿ ಅಂತೆಲ್ಲ ಕೇಳುತ್ತಾರೆ. ತಾರೀಖು ಸಮೇತ ನಿಜ ಬರೆಯಿರಿ. ಹೋಮ್ ಅಂತ ಒಪ್ಪಿದ್ದೇವೆ ಅನ್ನುವ ಇಮೇಲ್ ಕೈಗೆ ಬರುವ ತನಕ ಆಫರ್ ಒಪ್ಪಿಕೊಳ್ಳಬೇಡಿ.