ಎರಡು ಮೇಣದಬತ್ತಿ, ಒಂದು ಹಳೇ ವೀ

2025 ಮೇ 17, ಶನಿವಾರ, ರಾತ್ರಿ 11.20

ಬಲಗೈ ಎತ್ತಿದರೆ ಭುಜ ಬೇಡ ಬೇಡ ಅನ್ನುತ್ತಿದೆ. ಹಾಗಾಗಿ ಇವತ್ತಿನ ದಿನಚರಿ ಎಡಗೈಯ ಎರಡು ಬೆರಳಲ್ಲಿ ಕುಟ್ಟಿದ್ದು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಳಗಿನಿಂದ ಬಿಡದೆ ಮಳೆ. ಸೂರು ಸೋರುತ್ತಿದೆಯೇನೋ ನೋಡುತ್ತೇನೆಂದು ಅಟ್ಟ ಹತ್ತಿದ ಇವರು ಇಳಿಯುವಾಗ ಕಂಕುಳಲ್ಲಿ ಒಂದು ರಟ್ಟಿನ ಡಬ್ಬ. ಸೋರುವ ವಿಷಯ ಅಲ್ಲಿಗೇ ಮರೆತುಹೋಯಿತು. ಡಬ್ಬದೊಳಗೆ ನಮ್ಮ ಹಳೇ ವೀ! ನಿಂಟೆಂಡೊ ಕಂಪನಿ 2006ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಆಟದ ಯಂತ್ರ. ನಮ್ಮ ಮನೆ ಸೇರಿದ್ದು ಅಣ್ಣ ಹೊಸದು ಕೊಂಡು ಇದನ್ನು ದಾಟಿಸಿದ ಮೇಲೆ. ದೊಡ್ಡವಳು ಆಗ ಹುಟ್ಟಿರಲಿಲ್ಲ. ಚಿಕ್ಕವನಿಗಂತೂ ಇದು ಪಳೆಯುಳಿಕೆ. "ಇದಕ್ಕೆ ಪರದೆ ಎಲ್ಲಿದೆ?" ಅಂತ ತಿರುಗಿಸಿ ತಿರುಗಿಸಿ ನೋಡಿದ.

ರಿಮೋಟಿನ ಹಿಂಬದಿಯ ಮುಚ್ಚಳ ತೆಗೆದರೆ ಎದೆ ಧಸಕ್ಕೆಂದಿತು. ಎಂಟು ವರ್ಷದ ಹಿಂದೆ ಹಾಕಿದ ಎರಡು ಸೆಲ್ ಒಳಗೇ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ-ಹಸಿರು ಹೊರಪೊರೆ ಕಟ್ಟಿತ್ತು. ಹತ್ತಿಯ ಕಡ್ಡಿಗೆ ವಿನೆಗರ್ ಅದ್ದಿ ಉಜ್ಜಿದೆ, ಒಣಬಟ್ಟೆಯಲ್ಲಿ ಒರೆಸಿದೆ, ಹೊಸ ಸೆಲ್ ಹಾಕಿದೆ. ನಾಲ್ಕು ನೀಲಿ ದೀಪ ಮಿನುಗಿದವು. ಇನ್ನೊಂದು ರಿಮೋಟೂ ಬದುಕಿತು. (ಯಾರಾದರೂ ಓದುತ್ತಿದ್ದರೆ: ಎತ್ತಿಡುವ ಮುಂಚೆ ಸೆಲ್ ತೆಗೆದಿಡಿ. ನಾನು ಇದನ್ನು ಇನ್ನೊಬ್ಬರಿಗೆ ಹೇಳುವ ಯೋಗ್ಯತೆ ಇರುವವಳಲ್ಲ, ಆದರೂ.)

ಬದುಕದೆ ಹೋದದ್ದು ಟಿವಿಯ ಕೆಳಗೆ ಇಡುವ ಸೆನ್ಸರ್ ಬಾರ್. ಅದರ ಸಪೂರ ತಂತಿಯನ್ನು ಅಟ್ಟದ ಇಲಿ ಮೂರು ಕಡೆ ಕಡಿದು ಹಾಕಿತ್ತು. "ಹೋಯ್ತು ಬಿಡು, ಸೆನ್ಸರೇ ಇಲ್ಲದ ಮೇಲೆ ಆಟ ಏನು" ಎಂದು ಇವರು ಡಬ್ಬ ಮುಚ್ಚಲು ಹೊರಟರು. ನನಗೋ ಖುಷಿ. ವರ್ಷಗಟ್ಟಲೆ ಯಾರಿಗಾದರೂ ತೋರಿಸಬೇಕೆಂದು ಕಾದಿದ್ದ ಒಂದು ಚಮತ್ಕಾರಕ್ಕೆ ಕಡೆಗೂ ಗಳಿಗೆ ಕೂಡಿ ಬಂದಿತ್ತು. ಅಡುಗೆಮನೆಯಿಂದ ಎರಡು ಮೇಣದಬತ್ತಿ ತಂದು, ಟಿವಿಯ ಮುಂದಿನ ಸ್ಟೂಲಿನ ಮೇಲೆ ಒಂದು ಗೇಣು ಅಂತರದಲ್ಲಿ ಹಚ್ಚಿಟ್ಟು, ಕೋಣೆಯ ದೀಪ ಆರಿಸಿ, ರಿಮೋಟನ್ನು ಟಿವಿಯತ್ತ ಹಿಡಿದೆ. ಪರದೆಯ ಮೇಲೆ ಪುಟ್ಟ ಬಿಳಿ ಕೈ ಮೂಡಿ, ನನ್ನ ಕೈ ಹೋದತ್ತ ಹೋಯಿತು.

ದೊಡ್ಡವಳು ಬಾಯಿ ತೆರೆದದ್ದು ತೆರೆದ ಹಾಗೇ.

ಗುಟ್ಟು ಇಷ್ಟೆ. ಸೆನ್ಸರ್ ಬಾರ್ ಎಂಬ ಹೆಸರೇ ಸುಳ್ಳು. ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೀರುವ ಪುಟಾಣಿ ದೀಪಗಳ ಎರಡು ಗುಂಪು, ಅಷ್ಟೇ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ, ಆ ಕಪ್ಪು ಗಾಜಿನ ಹಿಂದೆ. ಆ ಕಣ್ಣಿಗೆ ಎರಡು ಹೊಳೆಯುವ ಚುಕ್ಕಿ ಕಂಡರೆ ಸಾಕು. ಚುಕ್ಕಿಗಳು ಎಡಕ್ಕೆ ಸರಿದರೆ ಕೈ ಬಲಕ್ಕೆ ಹೋಗಿದೆ, ಓರೆಯಾದರೆ ಮಣಿಕಟ್ಟು ತಿರುಗಿದೆ, ಒಂದಕ್ಕೊಂದು ಹತ್ತಿರವಾದರೆ ಆಡುವವರು ಹಿಂದೆ ಸರಿದಿದ್ದಾರೆ ಎಂದು ಲೆಕ್ಕ. ಮೇಣದಬತ್ತಿಯ ಜ್ವಾಲೆಯಲ್ಲೂ ಅವಗೆಂಪು ಧಾರಾಳ. ಯಂತ್ರಕ್ಕೆ ಎರಡೂ ಒಂದೇ.

ಟಿವಿಗೆ ಜೋಡಿಸುವುದೇ ಇನ್ನೊಂದು ರಾಮಾಯಣ. ವೀಯದು ಹಳದಿ, ಬಿಳಿ, ಕೆಂಪು ಮೂರು ಮೂತಿಯ ಕೇಬಲ್. ಟಿವಿಯ ಜೊತೆ ಬಂದಿದ್ದ ಗೇಣುದ್ದದ ಅಡಾಪ್ಟರ್ ಹುಡುಕಲು ಮುಕ್ಕಾಲು ಗಂಟೆ. ಚಿತ್ರ ಬಂತು, ಆದರೆ ನೀರಲ್ಲಿ ನೆನೆದ ಹಾಗೆ. ಅದರ ಶಕ್ತಿ 480 ಗೆರೆಗಳು, ನಮ್ಮ ಟಿವಿಯ ಹಸಿವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಟಿವಿಯ ಸೆಟ್ಟಿಂಗ್ಸಿನಲ್ಲಿ ಗೇಮ್ ಮೋಡ್ ಹಾಕಿದ ಮೇಲಷ್ಟೇ ಕೈ ಬೀಸಿದ್ದಕ್ಕೂ ಪರದೆಯಲ್ಲಿ ಬ್ಯಾಟ್ ಬೀಸಿದ್ದಕ್ಕೂ ತಾಳ ಕೂಡಿತು. ಅದಕ್ಕೆ ಮುಂಚೆ ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ಕೂತು ಪ್ರತಿ ಏಟನ್ನೂ ತಡವಾಗಿ ತೋರಿಸುತ್ತಿತ್ತು.

ಇಷ್ಟೂ ಹೊತ್ತು ಅಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಎಪ್ಪತ್ತೊಂದು ವಯಸ್ಸು, ಮಂಡಿನೋವು, ಮಕ್ಕಳ ಆಟದ ಯಂತ್ರವೆಂದರೆ ಮೊದಲಿಂದಲೂ ಅಲರ್ಜಿ. ಹೋದ ವರ್ಷ ಚಿಕ್ಕವನು ತನ್ನ ಕಂಟ್ರೋಲರ್ ಕೈಗೆ ಕೊಟ್ಟಾಗ ಗುಂಡಿಗಳನ್ನು ಎಣಿಸಲು ಶುರುಮಾಡಿ, ಅರ್ಧಕ್ಕೇ ಬಿಟ್ಟು ವಾಪಸ್ ಕೊಟ್ಟಿದ್ದಳು. ಇವತ್ತು ತಾನಾಗಿಯೇ ಕೈ ಚಾಚಿದಳು. "ಅದು ಟಿವಿ ರಿಮೋಟಿನ ಹಾಗೇ ಇದೆಯಲ್ಲ, ಕೊಡಿಲ್ಲಿ."

ಅದನ್ನು ರೂಪಿಸಿದವರು ಬಯಸಿದ್ದೂ ಇದೇ ಮಾತನ್ನು. 2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋನಲ್ಲಿ ನಿಂಟೆಂಡೊ ಅಧ್ಯಕ್ಷ ಸತೋರು ಇವಾಟ ಇದನ್ನು ಮೊದಲ ಬಾರಿ ಎತ್ತಿ ತೋರಿಸಿದಾಗ, ಇದೇನಿದು, ಟಿವಿ ರಿಮೋಟು ಎಂದು ಹುಬ್ಬೇರಿಸಿದವರು ಬಹಳ. ಆದರೆ ಆಟದ ಕಂಟ್ರೋಲರ್ ಕಂಡರೆ ದೂರ ಸರಿಯುವವರು ರಿಮೋಟ್ ಕಂಡರೆ ಸರಿಯುವುದಿಲ್ಲ. ಕಡೆಗೆ ಆ ಯಂತ್ರ ಮಾರಾಟವಾದದ್ದು 10 ಕೋಟಿಗೂ ಮೇಲೆ.

ಟೆನಿಸ್ ಹಾಕಿದೆವು. ಅಮ್ಮ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದರಲ್ಲಿ ರಿಮೋಟ್ ಹಿಡಿದು ನಿಂತಳು. ಎದುರಾಳಿ ಚಿಕ್ಕವನು. ಅವನು ಎರಡೇ ನಿಮಿಷದಲ್ಲಿ ಯಂತ್ರದ ಗುಟ್ಟು ಹಿಡಿದುಬಿಟ್ಟ. ಸೋಫಾದಲ್ಲಿ ಒರಗಿ, ಮಣಿಕಟ್ಟನ್ನು ನೊಣ ಓಡಿಸಿದ ಹಾಗೆ ಆಡಿಸಿದರೆ ಸಾಕು, ಪರದೆಯಲ್ಲಿ ಭರ್ಜರಿ ಏಟು. ಅಮ್ಮನೋ ಸೊಂಟದಿಂದ ತಿರುಗಿ, ಭುಜ ಎತ್ತಿ, ಪೂರ್ತಿ ಕೈ ಬೀಸಿ ಬಟ್ಟೆ ಒಗೆಯುವ ಹಾಗೆ ಹೊಡೆಯುತ್ತಿದ್ದಳು. ಯಂತ್ರಕ್ಕೆ ಈ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಗೊತ್ತಾಗುವುದಿಲ್ಲ.

ಯಾಕೆಂದರೆ ಮೊದಲ ವೀ ರಿಮೋಟಿನೊಳಗೆ ಕೈಯ ಚಲನೆ ಅಳೆಯಲು ಇರುವುದು ಒಂದು ಅಕ್ಸೆಲೆರೋಮೀಟರ್ ಮಾತ್ರ. ಸಿಲಿಕಾನಿನ ಚೂರಿನ ಮೇಲೆ, ಕೂದಲೆಳೆಗಿಂತ ಸಣ್ಣ ಸ್ಪ್ರಿಂಗುಗಳಿಗೆ ತೂಗುಹಾಕಿದ ಒಂದು ಕಣದಂಥ ತೂಕ. ಬಸ್ಸು ಗಕ್ಕನೆ ಹೊರಟಾಗ ನಾವು ಹಿಂದಕ್ಕೆ ವಾಲುತ್ತೇವಲ್ಲ, ಕೈ ಬೀಸಿದಾಗ ಆ ತೂಕವೂ ಹಾಗೇ ವಾಲುತ್ತದೆ. ಎಷ್ಟು ವಾಲಿತು ಎಂಬುದನ್ನು ವಿದ್ಯುತ್ತಿನ ಲೆಕ್ಕದಲ್ಲಿ ಅಳೆಯುತ್ತಾರೆ. ಕೈ ಎಲ್ಲಿದೆ ಎಂದು ಅದಕ್ಕೆ ತಿಳಿಯದು, ಎಷ್ಟು ಜೋರಾಗಿ ಎಳೆದಾಡಿದರು ಎಂದಷ್ಟೇ ತಿಳಿಯುವುದು. ಉಳಿದದ್ದೆಲ್ಲ ಆಟದ ಔದಾರ್ಯ. ಟೆನಿಸ್ ಅಂಕಣದಲ್ಲಿ ನಮ್ಮ ಗೊಂಬೆ ತಾನೇ ಓಡಿ ಚೆಂಡಿನ ಬಳಿ ನಿಲ್ಲುತ್ತದೆ. ನಾವು ಕೊಡಬೇಕಾದದ್ದು ಹೊಡೆಯುವ ಗಳಿಗೆ ಒಂದೇ. ಅಮ್ಮನಿಗೆ ಗಳಿಗೆ ಗೊತ್ತು. ಚಿಕ್ಕವನನ್ನು ಎರಡು ಗೇಮ್ ಸೋಲಿಸಿದಳು.

ಅವನಿಗೆ ಅಳು ಬಾಯಿಗೇ ಬಂತು. "ಅಜ್ಜಿ, ನಿಂಗೆ ಆಡೋಕೇ ಬರಲ್ಲ, ಸುಮ್ನೆ ಕೈ ಬೀಸ್ತೀಯ!"

"ಗೆದ್ದೆ ತಾನೇ?" ಅಂದಳು ಅಮ್ಮ.

ಈ ಮಾತನ್ನು ಸ್ವಲ್ಪ ಮುಂದುವರಿಸಬೇಕು, ಭುಜ ನೋಯುತ್ತಿದ್ದರೂ. ಈ ಆಟಗಳ ಬಗ್ಗೆ ಬರೆಯುವವರೆಲ್ಲ ನಿಖರತೆ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡಿರುತ್ತಾರೆ. ನನ್ನ ಅನುಭವ ಉಲ್ಟಾ. 2009ರಲ್ಲಿ ನಿಂಟೆಂಡೊ ಮೋಷನ್ ಪ್ಲಸ್ ಎಂಬ ಪುಟ್ಟ ಬಾಲವನ್ನು ರಿಮೋಟಿಗೆ ಸಿಕ್ಕಿಸಲು ಕೊಟ್ಟಿತು. ಅದರಲ್ಲಿ ಗೈರೋಸ್ಕೋಪ್, ಅಂದರೆ ಕೈ ಎತ್ತ, ಎಷ್ಟು ತಿರುಗಿತು ಎಂದು ಹೇಳುವ ಚಿಪ್. ಅಣ್ಣನ ಮನೆಯಲ್ಲಿ ಅದನ್ನು ಹಾಕಿ ಕತ್ತಿವರಸೆ ಆಡಿದ್ದೆವು. ಎತ್ತಿದ ಕೈಗೆ ಎತ್ತಿದ ಕತ್ತಿ, ಓರೆ ಮಾಡಿದರೆ ಓರೆ. ಬೆರಗಾಗುವಷ್ಟು ಸರಿ. ಆದರೆ ಅಮ್ಮ ಅಲ್ಲಿ ಸೋತು ಸುಣ್ಣವಾದಳು, ಯಂತ್ರ ಈಗ ಅವಳ ಪ್ರತಿ ತಪ್ಪನ್ನೂ ನೋಡುತ್ತಿತ್ತಲ್ಲ. ಸಾಲದ್ದಕ್ಕೆ ಗೈರೋಸ್ಕೋಪಿನ ಲೆಕ್ಕ ಬರಬರುತ್ತಾ ಜಾರುತ್ತದೆ, ಆಗ ರಿಮೋಟನ್ನು ಮೇಜಿನ ಮೇಲೆ ಅಲುಗಾಡದಂತೆ ಮಲಗಿಸಿ ಸರಿಮಾಡಿಕೊಳ್ಳಬೇಕು. "ಆಡೋದೋ, ಇದನ್ನ ಮಲಗಿಸಿ ತಟ್ಟೋದೋ?" ಎಂದು ಕೇಳಿ ಎದ್ದುಹೋಗಿದ್ದಳು.

2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಕೈಯಿಂದ ರಿಮೋಟನ್ನೇ ಕಿತ್ತುಕೊಂಡಿತು. ಕೋಣೆಯ ತುಂಬ ಅವಗೆಂಪು ಚುಕ್ಕಿಗಳನ್ನು ಚೆಲ್ಲಿ, ಅವು ಎಲ್ಲಿ ಹೇಗೆ ಸರಿದು ಬಿದ್ದಿವೆ ಎಂದು ನೋಡಿ ಮೈಯ ಉಬ್ಬುತಗ್ಗು ಲೆಕ್ಕ ಹಾಕುವ ಕ್ಯಾಮೆರಾ. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆಯಾಯಿತು. 2017ರಲ್ಲಿ ತಯಾರಿಕೆ ನಿಂತಿತು. ಅಣ್ಣ ಅದನ್ನೂ ತಂದಿದ್ದ. ಒಬ್ಬರು ಆಡಲು ಟಿವಿಯಿಂದ ಆರಡಿ ದೂರ, ಇಬ್ಬರಿಗೆ ಎಂಟಡಿ. ಸೋಫಾ ಹೊರಗೆ, ಮೇಜು ಹೊರಗೆ, ಕಿಟಕಿಯಿಂದ ಬಿಸಿಲು ಬಿದ್ದರೆ ಅದಕ್ಕೆ ಮಂಕು, ಪರದೆ ಎಳೆಯಬೇಕು. ಇದೆಲ್ಲ ಮಾಡಿ ಅಮ್ಮನನ್ನು ನಡುವೆ ನಿಲ್ಲಿಸಿದರೆ ಅವಳ ಪ್ರಶ್ನೆ: "ನಾನೇನು ಹಿಡ್ಕೊಳ್ಳಲಿ?" ಏನೂ ಬೇಡ ಅಂದೆವು. ಖಾಲಿ ಕೈ ಏನು ಮಾಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಳು. ಪರದೆಯ ಗೊಂಬೆಯ ಕೈಗಳು ಮಾತ್ರ ವಿಚಿತ್ರವಾಗಿ ನಡುಗುತ್ತಿದ್ದವು. ನನ್ನ ಪ್ರಕಾರ ಕಿನೆಕ್ಟ್ ಅಲ್ಲೇ ಎಡವಿತು. ಬ್ಯಾಟೋ ಸೌಟೋ ಸುತ್ತಿಗೆಯೋ, ಕೈಗೆ ಹಿಡಿಯಲು ಏನಾದರೂ ಬೇಕು. ಅದೇ ವರ್ಷ ಬಂದ ಸೋನಿಯ ಮೂವ್‌ನಲ್ಲಿ ಹಿಡಿಯಲು ಕೋಲು ಇತ್ತು, ತುದಿಗೆ ಬಣ್ಣ ಬದಲಿಸುವ ಹೊಳೆಯುವ ಚೆಂಡೂ ಇತ್ತು. ಚೆಂಡು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ ಕ್ಯಾಮೆರಾ ದೂರ ಅಳೆಯುತ್ತಿತ್ತು. ಜಾಣ ಯೋಚನೆ. ನಮ್ಮ ಬಳಗದಲ್ಲಿ ಯಾರೂ ಕೊಳ್ಳಲಿಲ್ಲ.

ಈಗ ಚಿಕ್ಕವನ ಬಳಿ ಇರುವುದು ನಿಂಟೆಂಡೊದ್ದೇ ಯಂತ್ರ, ಸ್ವಿಚ್. ಅದರ ಕಂಟ್ರೋಲರ್ ಆದ ಜಾಯ್-ಕಾನ್ ಒಳಗೆ ಗೈರೋಸ್ಕೋಪ್, ಅಕ್ಸೆಲೆರೋಮೀಟರ್ ಎರಡೂ ಇವೆ, ತೂಕ ಸುಮಾರು 50 ಗ್ರಾಂ. ಒಳ್ಳೆಯ ಯಂತ್ರವೇ. ಆದರೆ ಸೋಪಿನ ಚೂರಿನಷ್ಟು ಸಣ್ಣದಾದ ಅದು ಅಮ್ಮನ ಮುಷ್ಟಿಯಲ್ಲಿ ಕಾಣೆಯಾಗುತ್ತದೆ.

ಆಮೇಲೆ ಬೌಲಿಂಗ್. ಇವರ ಸರದಿ. ಮಣಿಕಟ್ಟಿನ ಪಟ್ಟಿ ಹಾಕಿಕೊಳ್ಳಿ ಎಂದರೆ ಕೇಳುವ ಜನ ಅಲ್ಲ. 2006ರ ಡಿಸೆಂಬರ್‌ನಲ್ಲಿ ಪಟ್ಟಿ ಕಿತ್ತು ರಿಮೋಟ್ ಹಾರುತ್ತಿದೆ ಎಂದು 32 ಲಕ್ಷ ಪಟ್ಟಿಗಳನ್ನು ಬದಲಿಸಿಕೊಡಬೇಕಾಯಿತು, ಮರುವರ್ಷ ರಿಮೋಟಿಗೆ ಸಿಲಿಕೋನ್ ಅಂಗಿಯನ್ನೇ ಪುಕ್ಕಟೆ ಹಂಚಿದರು ಎಂದು ವಿವರಿಸಿದೆ. "ನಾನೇನು ಮಗುವೇ?" ಎಂದರು. ಕೈ ಹಿಂದಕ್ಕೆ ಹೋದಾಗಲೇ ಗುಂಡಿ ಬಿಟ್ಟರು. ಪರದೆಯಲ್ಲಿ ಚೆಂಡು ಹಿಂದಕ್ಕೆ ಹಾರಿ, ನಿಂತು ನೋಡುತ್ತಿದ್ದ ಗೊಂಬೆಗಳೆಲ್ಲ ಬೆಚ್ಚಿ ಎಗರಿದವು. ನಮ್ಮ ಕೋಣೆಯಲ್ಲಿ ರಿಮೋಟೂ ಹಿಂದಕ್ಕೆ ಹಾರಿ ಸೋಫಾದ ದಿಂಬಿಗೆ ಬಿತ್ತು. ಅಮ್ಮ ಅಳಿಯಂದಿರೆಂಬ ಗೌರವದಲ್ಲಿ ಸೆರಗಿನೊಳಗೇ ನಕ್ಕಳು. "ನೀವು ಕೂತ್ಕೊಂಡೇ ಆಡಿ, ಪರವಾಗಿಲ್ಲ" ಎಂದಳು.

ಕಡೆಯ ಸುತ್ತಿನಲ್ಲಿ ದೊಡ್ಡವಳು ಗೆದ್ದು ಮತ್ತೊಂದಾಟ ಆರಿಸಲು ರಿಮೋಟ್ ಎತ್ತಿದಳು. ಪರದೆಯ ಬಿಳಿ ಕೈ ಇದ್ದಕ್ಕಿದ್ದ ಹಾಗೆ ಮಾಯ. ಸೆಲ್ ಹೋಯಿತೇ ಎಂದುಕೊಂಡೆವು. ನೋಡಿದರೆ ಚಿಕ್ಕವನು ಸ್ಟೂಲಿನ ಪಕ್ಕ ಮಂಡಿಯೂರಿ ಎರಡೂ ಬತ್ತಿಯನ್ನು ಉಫ್ ಎಂದು ಆರಿಸಿದ್ದ. ಆಟದಲ್ಲಿ ಮೋಸ ಮಾಡುವುದನ್ನು ಬಹಳ ನೋಡಿದ್ದೇನೆ, ಊದಿ ಮಾಡುವುದನ್ನು ಇವತ್ತೇ ಕಂಡದ್ದು.

ಮಲಗುವ ಮುಂಚೆ ದೇಹದ ವಯಸ್ಸು ಹೇಳುವ ಪರೀಕ್ಷೆ. ಮೂರು ಆಟ ಆಡಿಸಿ 20ರಿಂದ 80ರೊಳಗೆ ಒಂದು ಸಂಖ್ಯೆ ಕೊಡುತ್ತದೆ. ವೈದ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮ್ಮನಿಗೆ 58. ಇವರಿಗೆ 74. ಇವರ ನಿಜ ವಯಸ್ಸು ಬರೆಯಬಾರದೆಂದು ಕಟ್ಟಾಜ್ಞೆ ಆಗಿದೆ. ನನ್ನದನ್ನು ನಾನೇ ಬರೆಯುವುದಿಲ್ಲ.

ಮೇ 18, ಭಾನುವಾರ, ಬೆಳಿಗ್ಗೆ

ಭುಜ ಇನ್ನೂ ಹಾಗೇ ಇದೆ. ಈ ನೋವಿಗೊಂದು ಹೆಸರೂ ಇದೆ. 2007ರಲ್ಲಿ ಒಬ್ಬ ವೈದ್ಯರು ಗಂಟೆಗಟ್ಟಲೆ ವೀ ಟೆನಿಸ್ ಆಡಿ ಬಲಭುಜ ನೋಯಿಸಿಕೊಂಡು, ಅದಕ್ಕೆ 'ವೀಐಟಿಸ್' ಎಂದು ಹೆಸರಿಟ್ಟು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಪತ್ರ ಬರೆದರು. ಪತ್ರಿಕೆ ಅಚ್ಚು ಹಾಕಿತು. ಇವರಿಗೆ ಓದಿ ಹೇಳಿದೆ. ಅವರ ನೋವು ಸೊಂಟದಲ್ಲಂತೆ, ಅದಕ್ಕೆ ಹೆಸರು ಸಿಕ್ಕಿಲ್ಲ.

ಅಮ್ಮನಿಗೆ ಏನೂ ಆಗಿಲ್ಲ. ನಾನು ಏಳುವ ಹೊತ್ತಿಗೆ ಸ್ಟೂಲಿನ ಮೇಲೆ ಕರಗಿ ಅಂಟಿದ್ದ ಮೇಣವನ್ನು ಉಗುರಲ್ಲಿ ಕೆರೆದು ತೆಗೆಯುತ್ತಿದ್ದಳು. ಉಳಿದ ಎರಡು ತುಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿ ಎತ್ತರ ನೋಡಿದಳು.

"ಇದು ಇನ್ನೆಷ್ಟು ಆಟಕ್ಕೆ ಬರುತ್ತೆ ಕಣೇ?"